ಹಿಂಗಾಜು ಮತ್ತು ಮರೆ: ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ನೋಟ

(ವಿಭಾಗದ ಆನ್‌ಲೈನ್ ಸೆಮಿನಾರಿನಲ್ಲಿ ಮಾತಾಡಿದ್ದರ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಗೆ ಚರ್ಚೆಯ ಭಾಗವಿದೆ.)

ನನ್ನ ಧ್ವನಿ ಕೇಳಸ್ತದ ಅಂದ್ಕೊಂಡು ಶುರು ಮಾಡ್ತೀನಿ. ಈ ಸರಣಿಯಲ್ಲಿ ನಮಗೆ ಕೊಟ್ಟ ಕೆಲಸ ಒಂದೇ: ಸಾಹಿತ್ಯದ ಹೊರಗಿನ ಯಾವುದಾದರೂ ತಾಂತ್ರಿಕ ಸಂಗತಿಯನ್ನು, ಕನ್ನಡ ಬಲ್ಲ ಯಾರಿಗಾದರೂ ತಿಳಿಯುವ ಹಾಗೆ ವಿವರಿಸಬೇಕು. ನಾನು ಆರಿಸಿಕೊಂಡದ್ದು ಹಳೆಯ ಸ್ಪೋರ್ಟ್ಸ್ ಕಾರುಗಳ ಹಿಂದಿನ ಗಾಜು. ಚಾಟ್‌ನಲ್ಲಿ ಆಗಲೇ ಒಬ್ಬರು ನಗುವ ಮುಖ ಹಾಕಿದ್ದಾರೆ. ಇರಲಿ, ನಗುವುದಕ್ಕೂ ಕಾರಣ ಅದ.

ಉಮರ್ಗಾ, ನಿಲಂಗಾ, ಉದಗೀರ್ ಸೀಮೆಯಲ್ಲಿ ಯಾರ ಮನೆಯ ಮುಂದೆಯೂ ಲ್ಯಾಂಬೋರ್ಗಿನಿ ನಿಂತಿರುವುದಿಲ್ಲ. ಉಮರ್ಗಾದಿಂದ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ (ಹಿಂದೆ ಎನ್‌ಎಚ್ 9, ಈಗ ಎನ್‌ಎಚ್ 65) ಅಂಥದ್ದೊಂದು ಯಾವಾಗಾದರೂ ಹೋಯಿತೆಂದರೆ ಚಹಾದಂಗಡಿಯವರು ಎದ್ದು ನಿಲ್ಲುವಷ್ಟರಲ್ಲಿ ಮಾಯ. ಆದರೆ ‘ಹಿಂದೆ ಕಾಣುವುದಿಲ್ಲ’ ಎಂಬ ಸಂಗತಿ ಮಾತ್ರ ನಮ್ಮ ಕಡೆ ದಿನನಿತ್ಯದ್ದು. ಉದಗೀರಿನ ಮಾರ್ಕೆಟ್ ಯಾರ್ಡಿನಲ್ಲಿ ಸೋಯಾಬೀನ್ ಚೀಲ ಹೇರಿದ ಟೆಂಪೊ ಹಿಂದಕ್ಕೆ ಬರುವಾಗ ಒಬ್ಬ ಹುಡುಗ ಅದರ ಬೆನ್ನಿಗೆ ನಿಂತು ಕೈ ಬಡಿಯುತ್ತಾನೆ. ಕನ್ನಡದವನಾದರೆ “ಬರ್‍ರಿ, ಬರ್‍ರಿ, ಬರ್‍ರಿ”, ಮರಾಠಿಯವನಾದರೆ “ಯೇವೂ ದ್ಯಾ, ಯೇವೂ ದ್ಯಾ”. ಆ ಹುಡುಗನೇ ಆ ಗಾಡಿಯ ಹಿಂಗಾಜು.

‘ಹಿಂಗಾಜು’ ಅಂದೆ. ಹಿಂಗಾಲು, ಹಿಂಬಾಗಿಲು ಇದ್ದ ಮೇಲೆ ಹಿಂಗಾಜು ಯಾಕಾಗಬಾರದು? ನಮ್ಮ ಕಡೆ ಗ್ಯಾರೇಜಿನಲ್ಲಿ ಇದಕ್ಕೆ ‘ಹಿಂದಿನ ಗ್ಲಾಸು’ ಅಥವಾ ‘ಕಾಚ್’ ಅನ್ನುತ್ತಾರೆ. ಪಕ್ಕದಲ್ಲಿ ಹೊರಚಾಚಿದ ಕನ್ನಡಿಗೆ ಮರಾಠಿಯ ‘ಆರಸಾ’, ದಖ್ಖನಿಯ ‘ಐನಾ’, ಇಂಗ್ಲಿಷಿನ ‘ಮಿರರ್’ ಮೂರೂ ನಡೆಯುತ್ತವೆ. ‘ಕನ್ನಡಿ’ ಮಾತ್ರ ಮನೆಯ ಗೋಡೆಯ ಮೇಲೆಯೇ ಉಳಿದುಬಿಟ್ಟಿದೆ. ಇದು ನನಗೆ ಸಣ್ಣ ಮಾತಲ್ಲ. ಉದಗೀರ್, ನಿಲಂಗಾ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ಆಮೇಲೆ ಮುಂಬಯಿ ರಾಜ್ಯದ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರ್ ಜಿಲ್ಲೆ ಆದಾಗ ಅದರೊಳಗೆ ಹೋದವು. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಭಾಷಣ ಮಾಡುವವರಿಗೆ ಕೊರತೆಯಿಲ್ಲ. ಆ ಗೋದಾವರಿಯ ಕಡೆಯ ಹುಡುಗನೊಬ್ಬ ಐಟಿಐ ಸೇರಿ ಮೋಟರು ಕಲಿಯುವಾಗ ಅವನ ಕನ್ನಡ ಬಾಯಿಮಾತಿನಲ್ಲಷ್ಟೇ ಇರುತ್ತದೆ, ಪುಸ್ತಕದಲ್ಲಿ ಇರುವುದಿಲ್ಲ. ಅದಕ್ಕೇ ಬೇಕಂತಲೇ ಗ್ಯಾರೇಜಿನ ವಿಷಯ ತಂದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ.

ಮೋಟರು ಬಂದ ಹೊಸದರಲ್ಲಿ ಹಿಂದೆ ನೋಡುವುದು ಮನುಷ್ಯನ ಕೆಲಸವಾಗಿತ್ತು, ಗಾಡಿಯದಲ್ಲ. ರೇಸಿನ ಕಾರಿನಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂತಿರುತ್ತಿದ್ದ. ಎಣ್ಣೆಯ ಒತ್ತಡ ನೋಡುವುದು, ಹಿಂದಿನಿಂದ ಯಾರು ಬರುತ್ತಿದ್ದಾರೆಂದು ಹೇಳುವುದು ಅವನ ಪಾಲು. ನಮ್ಮ ಲಾರಿಯ ಕ್ಲೀನರ್ ಇದ್ದ ಹಾಗೆ ಅನ್ನಿ. 1911ರ ಮೊದಲ ಇಂಡಿಯಾನಾಪೊಲಿಸ್ 500 ಮೈಲಿ ರೇಸಿಗೆ ರೇ ಹ್ಯಾರೂನ್ ತನ್ನ ಮಾರ್ಮನ್ ವಾಸ್ಪ್ ಕಾರಿನಲ್ಲಿ ಒಬ್ಬನೇ ಬಂದ. ಒಂದೇ ಸೀಟು, ಭಾರ ಕಡಿಮೆ. ಹಿಂದೆ ನೋಡುವವರಿಲ್ಲದ ಗಾಡಿ ಉಳಿದವರಿಗೆ ಅಪಾಯ ಎಂದು ಮಿಕ್ಕ ಚಾಲಕರು ತಕರಾರು ತೆಗೆದರು. ಆತ ಕಣ್ಣೆದುರಿಗೆ ಒಂದು ಕನ್ನಡಿ ಕಟ್ಟಿಸಿಕೊಂಡ, ರೇಸ್ ಗೆದ್ದ. ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಎಷ್ಟು ಅದುರುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಆಮೇಲೆ ಅವನೇ ಹೇಳಿಕೊಂಡ. ಹಿಂದಿನ ನೋಟದ ಇತಿಹಾಸ ಹೀಗೆ, ಏನೂ ಕಾಣದ ಕನ್ನಡಿಯಿಂದ ಶುರುವಾಗುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಅದಕ್ಕೂ ಎರಡು ವರ್ಷ ಮೊದಲು, 1909ರಲ್ಲಿ, ಡೊರೊತಿ ಲೆವಿಟ್ ಎಂಬ ಇಂಗ್ಲಿಷ್ ಚಾಲಕಿ ಹೆಂಗಸರಿಗಾಗಿ ಬರೆದ ಮೋಟರು ಪುಸ್ತಕದಲ್ಲಿ, ಕಾರು ನಡೆಸುವಾಗ ಹಿಡಿಯಿರುವ ಸಣ್ಣ ಕನ್ನಡಿಯೊಂದನ್ನು ಹತ್ತಿರ ಇಟ್ಟುಕೊಳ್ಳಿ, ಅದನ್ನು ಎತ್ತಿ ಹಿಡಿದರೆ ಹಿಂದಿನ ರಸ್ತೆ ಕಾಣುತ್ತದೆ ಎಂಬ ಸಲಹೆ ಕೊಟ್ಟಿದ್ದಳು. ಮುಖ ನೋಡಿಕೊಳ್ಳುವ ಕನ್ನಡಿಯೇ ರಸ್ತೆ ನೋಡುವ ಕನ್ನಡಿಯೂ ಆಯಿತು. ಹ್ಯಾರೂನನ ಹೆಸರು ಎಲ್ಲರೂ ಹೇಳುತ್ತಾರೆ, ಇವಳದು ಅಡಿಟಿಪ್ಪಣಿಗೆ ಹೋಗಿದೆ. ಮಹಿಳಾ ಅಧ್ಯಯನದ ಗೆಳತಿಯರು ಗಮನಿಸಬೇಕು.

ಕನ್ನಡಿ ಬಂತು. ಆದರೆ ಕಾರಿನೊಳಗಿನ ಕನ್ನಡಿ ತಾನೇ ಏನನ್ನೂ ತೋರಿಸಲಾರದು. ಹಿಂಗಾಜಿನಲ್ಲಿ ಎಷ್ಟು ಕಾಣುತ್ತದೋ ಅಷ್ಟನ್ನೇ ಅದು ತಿರುಗಿಸಿ ಕೊಡಬೇಕು. ಸ್ಪೋರ್ಟ್ಸ್ ಕಾರಿನ ಕಷ್ಟ ಇರುವುದು ಇಲ್ಲಿ. ವೇಗಕ್ಕಾಗಿ ಮಾಡುವ ಪ್ರತಿಯೊಂದು ಕೆಲಸವೂ ಹಿಂಗಾಜಿನಿಂದ ಒಂದು ತುಂಡು ಕಿತ್ತುಕೊಳ್ಳುತ್ತದೆ.

ಮೊದಲು ಇಳಿಜಾರಿನ ಲೆಕ್ಕ. ಓಡುವ ಕಾರು ಗಾಳಿಯನ್ನು ಮುಂದೆ ಸೀಳುತ್ತದೆ, ಅದರಲ್ಲಿ ತೊಂದರೆ ಕಡಿಮೆ. ತೊಂದರೆ ಇರುವುದು ಹಿಂದೆ. ಮೈಮೇಲೆ ಹರಿದು ಬಂದ ಗಾಳಿ ಛಾವಣಿ ಮುಗಿದ ಕಡೆ ತಟ್ಟನೆ ಮೈಬಿಟ್ಟರೆ ಅಲ್ಲಿ ಸುಳಿ ಎದ್ದು, ಒತ್ತಡ ಇಳಿದು, ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಹೀಗಾಗಬಾರದೆಂದರೆ ಛಾವಣಿ ಮೆಲ್ಲಗೆ, ಉದ್ದಕ್ಕೆ, ಮೀನಿನ ಬೆನ್ನಿನ ಹಾಗೆ ಇಳಿಯಬೇಕು. ಹಾಗೆ ಇಳಿದ ಛಾವಣಿಯಲ್ಲಿ ಗಾಜು ಕೂರಿಸಿದರೆ ಗಾಜು ಮಲಗುತ್ತದೆ. 90 ಸೆಂಟಿಮೀಟರ್ ಉದ್ದದ ಒಂದು ಗಾಜು ಅಂದುಕೊಳ್ಳಿ. ನೆಲಕ್ಕೆ 60 ಡಿಗ್ರಿ ಕೋನದಲ್ಲಿ ನಿಲ್ಲಿಸಿದರೆ ಒಳಗಿನವನ ಕಣ್ಣಿಗೆ ಅದು ಸುಮಾರು 78 ಸೆಂಟಿಮೀಟರ್ ಎತ್ತರದ ಕಿಟಕಿ. ಅದೇ ಗಾಜನ್ನು 20 ಡಿಗ್ರಿಗೆ ಮಲಗಿಸಿದರೆ ಸುಮಾರು 31 ಸೆಂಟಿಮೀಟರ್. ಗಾಜಿನ ಖರ್ಚು ಅಷ್ಟೇ, ನೋಟ ಅರ್ಧಕ್ಕಿಂತ ಕಡಿಮೆ. ಹೊರಗಿಂದ ನೋಡುವವನಿಗೆ ‘ಆಹಾ, ಎಷ್ಟು ದೊಡ್ಡ ಗಾಜು’ ಅನ್ನಿಸುತ್ತದೆ. ಒಳಗಿರುವವನಿಗೆ ಅದು ಅಂಚೆಪೆಟ್ಟಿಗೆಯ ಬಾಯಿ.

ಇನ್ನೊಂದು ಕಿರಿಕಿರಿಯೂ ಇದೆ. ಬೆಳಕು ಗಾಜಿಗೆ ನೇರವಾಗಿ ಬಿದ್ದರೆ ಎರಡೂ ಮೈ ಸೇರಿ ನೂರಕ್ಕೆ ಎಂಟರಷ್ಟು ಮಾತ್ರ ಪ್ರತಿಫಲಿಸಿ ಹೋಗುತ್ತದೆ. ಗಾಜು 20 ಡಿಗ್ರಿಗೆ ಮಲಗಿದ್ದಾಗ ಹಿಂದಿನ ರಸ್ತೆಯಿಂದ ಅಡ್ಡವಾಗಿ ಬರುವ ಬೆಳಕು ಗಾಜನ್ನು ಓರೆಯಾಗಿ ಸವರಿಕೊಂಡು ಬರುತ್ತದೆ. ಆಗ ಸುಮಾರು ಕಾಲು ಭಾಗ ಒಳಗೆ ಬರುವುದೇ ಇಲ್ಲ. ಅದರ ಬದಲು ಸೀಟಿನ ಹಿಂದಿನ ಹಲಗೆಯ ಮೇಲೆ ಇಟ್ಟ ಪೇಪರು, ಟವೆಲು ಎಲ್ಲ ಗಾಜಿನಲ್ಲಿ ಮೂಡಿ ರಸ್ತೆಯ ಮೇಲೆ ಹರಡಿದಂತೆ ಕಾಣುತ್ತವೆ. ಮೇಲಿಂದ ಬಿಸಿಲು ಮಾತ್ರ ಸೊಗಸಾಗಿ ಒಳಗೆ ಬರುತ್ತದೆ, ಅದಕ್ಕೆ ಗಾಜು ಎದೆಯೊಡ್ಡಿ ಮಲಗಿದೆಯಲ್ಲ. ನಮ್ಮ ಮೇ ತಿಂಗಳ ಮಧ್ಯಾಹ್ನ ಅಂಥ ಕಾರಿನಲ್ಲಿ ಕೂತರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಈ ಇಳಿಜಾರಿಗೆ 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಒಂದು ಉಪಾಯ ಕಂಡುಕೊಂಡರು: ಬಾಲವನ್ನು ಪೂರ್ತಿ ಎಳೆಯುವುದು ಬೇಡ, ಸ್ವಲ್ಪ ಇಳಿಸಿ ಕೊಡಲಿಯಲ್ಲಿ ಕಡಿದ ಹಾಗೆ ಕತ್ತರಿಸಿಬಿಡಿ, ಗಾಳಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. 1962ರ ಫೆರಾರಿ 250 ಜಿಟಿಓದ ಕಡಿದ ಬಾಲ ಇದೇ ಜಾತಿಯದು. ಕಡಿದದ್ದರಿಂದ ಕಾರು ಗಿಡ್ಡವಾಯಿತು, ಭಾರ ಇಳಿಯಿತು. ಗಾಜಿಗೆ ಮಾತ್ರ ಏನೂ ಲಾಭವಾಗಲಿಲ್ಲ, ಅದು ಮಲಗಿದ್ದಲ್ಲೇ ಮಲಗಿತ್ತು.

ಈಗ ನನಗೆ ಬಹಳ ಹಿಡಿಸಿದ ಜಗಳಕ್ಕೆ ಬರುತ್ತೇನೆ. 1963ರಲ್ಲಿ ಅಮೆರಿಕದ ಷೆವರ್ಲೆ ಕಂಪನಿ ಕಾರ್ವೆಟ್ ಸ್ಟಿಂಗ್ ರೇ ಕೂಪೆ ಹೊರತಂದಿತು. ಅದರ ಹಿಂಗಾಜು ಒಂದಲ್ಲ, ಎರಡು. ನಡುವೆ ಮೂಗಿನಿಂದ ಬಾಲದವರೆಗೆ ಹೋಗುವ ಬೆನ್ನೆಲುಬಿನ ಗೆರೆ. ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಆ ಗೆರೆ ಪ್ರಾಣ. ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್‌ಗೆ ಅದು ಕಣ್ಣಿಗೆ ಹಾಕಿದ ಪಟ್ಟಿ. ಇದು ಓಡಿಸುವ ಗಾಡಿ, ಒಳಗಿನ ಕನ್ನಡಿ ನೋಡಿದರೆ ನಟ್ಟನಡುವೆ ಕಂಬ ಕಾಣುತ್ತದೆ ಎಂಬುದು ಅವರ ವಾದ. ಆ ಕಂಬದ ಹಿಂದೆ ಒಂದು ಮೋಟರ್‌ಸೈಕಲ್ ಆರಾಮಾಗಿ ಅಡಗಬಹುದು. ಮೊದಲ ವರ್ಷ ಮಿಚೆಲ್ ಗೆದ್ದರು. 10,594 ಕೂಪೆಗಳು ಎರಡು ಗಾಜಿನಲ್ಲಿ ತಯಾರಾದವು. 1964ರಲ್ಲಿ ಡಂಟೋವ್ ಗೆದ್ದರು, ಕಂಬ ಹೋಯಿತು, ಒಂದೇ ಗಾಜು ಬಂತು. 1963ರ ಕಾರು ಕೊಂಡಿದ್ದ ಕೆಲವರು ಹೊಸ ಗಾಜು ತರಿಸಿ, ತಮ್ಮ ಕಾರಿನ ಕಂಬವನ್ನು ಕೊಯ್ಸಿ ಹಾಕಿಸಿಕೊಂಡರು. ಆಗ ಅದು ಬುದ್ಧಿವಂತರ ಕೆಲಸ. ಇವತ್ತು ಸಂಗ್ರಹಕಾರರು ಹುಡುಕುವುದು ಕಂಬ ಇರುವ 1963ರ ಕಾರನ್ನೇ. ಒಂದೇ ವರ್ಷ ಬಂದದ್ದಕ್ಕೆ ಅದರ ಬೆಲೆ ಬಹಳ. ಕಂಬ ಕೊಯ್ಸಿದವರ ಮಕ್ಕಳು ಕೈಕೈ ಹಿಸುಕಿಕೊಳ್ಳುತ್ತಿರಬೇಕು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಗಾಜು ಎರಡಾಗುವುದು ಯಾವಾಗಲೂ ಶೋಕಿಯಿಂದಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 1953ರವರೆಗೆ ಹಿಂದೆ ಎರಡು ಸಣ್ಣ ಗಾಜುಗಳಿದ್ದವು. ಬಾಗಿದ ಒಂದೇ ದೊಡ್ಡ ಗಾಜು ಮಾಡುವುದು ಆಗಿನ ಕಾಲಕ್ಕೆ ಕಷ್ಟ, ದುಬಾರಿ. ಎರಡು ಚಿಕ್ಕವು ಅಗ್ಗ. 1953ರಲ್ಲಿ ಮೊಟ್ಟೆಯಾಕಾರದ ಒಂದೇ ಗಾಜು ಬಂತು, 1957ರ ಹೊತ್ತಿಗೆ ಅದಕ್ಕಿಂತ ಎಷ್ಟೋ ದೊಡ್ಡದು. ಬಡತನದಿಂದ ಹುಟ್ಟಿದ ಕಂಬ ತಂತ್ರ ಬೆಳೆದಂತೆ ತಾನೇ ಹೋಯಿತು. 1930ರ ದಶಕದ ಬುಗಾಟಿ ಅಟ್ಲಾಂಟಿಕ್‌ನ ಬೆನ್ನಿನ ಹೊಲಿಗೆಗೂ ಇಂಥದೇ ಮೂಲ. ಅದರ ಮೊದಲ ಮಾದರಿಯ ಲೋಹ ಬೆಸುಗೆಗೆ ಒಗ್ಗುತ್ತಿರಲಿಲ್ಲ, ಹಾಗಾಗಿ ಎರಡು ಹಾಳೆಗಳನ್ನು ಏಣಿನ ಮೇಲೆ ರಿವೆಟ್ ಹೊಡೆದು ಕೂಡಿಸಿದರು. ಬೆಸುಗೆ ಹಾಕಬಹುದಾದ ಅಲ್ಯೂಮಿನಿಯಂಗೆ ಬದಲಾಯಿಸಿದ ಮೇಲೂ ಹೊಲಿಗೆ ಉಳಿಯಿತು. ಯಾಕೆಂದರೆ ಅಷ್ಟರಲ್ಲಿ ಅದು ಚೆಂದ ಆಗಿಬಿಟ್ಟಿತ್ತು. ಕಾರ್ವೆಟ್‌ನ ಕಂಬ ಅದರ ಮೊಮ್ಮಗ: ಯಾವ ಕಾರಣವೂ ಇಲ್ಲದೆ, ಚೆಂದಕ್ಕಷ್ಟೇ ಹುಟ್ಟಿದ್ದು. ಛಂದಸ್ಸು ಓದಿದ ನಮಗೆ ಇದು ಹೊಸದಲ್ಲ. ಹಾಡಿಕೊಂಡು ನೆನಪಿಡಲಿಕ್ಕೆ ಬೇಕಾಗಿದ್ದ ಪ್ರಾಸ, ಅಚ್ಚಿನ ಪುಸ್ತಕ ಬಂದ ಮೇಲೂ ಬಹಳ ಕಾಲ ಬಿಡಲಿಲ್ಲವಲ್ಲ, ಹಾಗೆ. ಆದರೆ ಪ್ರಾಸದ ಹಿಂದೆ ಮೋಟರ್‌ಸೈಕಲ್ ಅಡಗಿರುವುದಿಲ್ಲ.

ಇಳಿಜಾರಿಗಿಂತ ದೊಡ್ಡ ಶತ್ರು ಎಂಜಿನ್. 1966ರಲ್ಲಿ ಬಂದ ಲ್ಯಾಂಬೋರ್ಗಿನಿ ಮಿಯೂರಾದಲ್ಲಿ 12 ಸಿಲಿಂಡರಿನ ಎಂಜಿನ್ ಸೀಟಿನ ಬೆನ್ನಿಗೇ ಅಡ್ಡಲಾಗಿ ಕೂತಿತು. ಕಾರಿನ ನಡುವೆ ಭಾರ ಇದ್ದರೆ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ, ಅದು ನಿಜ. ಆದರೆ ಹಿಂದೆ ನೋಡುವ ದಾರಿಯಲ್ಲಿ ಬಿಸಿ ಉಗುಳುವ ಕಬ್ಬಿಣದ ಗುಡ್ಡೆ. ಅದರ ಮೇಲೆ ಗಾಜು ಹೊದಿಸಿದರೆ ಕಾವು ಹೊರಗೆ ಹೋಗುವುದಿಲ್ಲ. ವಿನ್ಯಾಸಕಾರ ಮಾರ್ಚೆಲ್ಲೊ ಗಾಂದಿನಿ ಅಲ್ಲಿ ಕಪ್ಪು ಅಡ್ಡಪಟ್ಟಿಗಳನ್ನು ಸಾಲಾಗಿ ಜೋಡಿಸಿದರು. ಕಾವು ಪಟ್ಟಿಗಳ ಸಂದಿನಿಂದ ಮೇಲೆ ಹೋಗುತ್ತದೆ, ನೋಟ ಅದೇ ಸಂದಿನಿಂದ ಹಿಂದಕ್ಕೆ ಹೋಗುತ್ತದೆ. ನಮ್ಮ ಹಳೆಯ ವಾಡೆಗಳ ಜಾಲಂದ್ರ ನೋಡಿದವರಿಗೆ ತಿಳಿಯುತ್ತದೆ: ಹೊರಗಿನವರಿಗೆ ಕಾಣದೆ ಒಳಗಿನವರು ಹೊರಗೆ ನೋಡಬಹುದು, ಆದರೆ ತುಂಡುತುಂಡಾಗಿ. ಓಣಿಯಲ್ಲಿ ಯಾರು ಹೋದರು ಎಂದು ತಿಳಿಯಲು ಅಷ್ಟು ಸಾಕು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಸಾಲದು.

ಅದೇ ಗಾಂದಿನಿ ಆಮೇಲೆ ಮಾಡಿದ ಕೌಂಟಾಷ್‌ನಲ್ಲಿ ನೋಟ ಇನ್ನೂ ಕೆಟ್ಟಿತು. ಅದನ್ನು ಸರಿಮಾಡಲು ಛಾವಣಿಯಲ್ಲಿ ಕಾಲುವೆಯಂಥ ತಗ್ಗು ತೆಗೆದು, ಜಲಾಂತರ್ಗಾಮಿಯ ಪೆರಿಸ್ಕೋಪಿನಂತೆ ಕನ್ನಡಿ ಜೋಡಿಸುವ ಯೋಜನೆ ಇತ್ತು. ಉತ್ಪಾದನೆಗೆ ಬರುವಾಗ ಆ ಕನ್ನಡಿ ಕೈಬಿಟ್ಟುಹೋಯಿತು, ತಗ್ಗು ಮಾತ್ರ ಉಳಿಯಿತು. 1974ರಿಂದ ಬಂದ ಎಲ್‌ಪಿ 400 ಮಾದರಿಯ ಸುಮಾರು 150 ಕಾರುಗಳಿಗೆ ಇವತ್ತಿಗೂ ‘ಪೆರಿಸ್ಕೋಪಿಯೊ’ ಎಂದೇ ಹೆಸರು. ಇಲ್ಲದ ಕಣ್ಣಿನ ಹೆಸರಿನಿಂದ ಕರೆಸಿಕೊಳ್ಳುವ ಕಾರು! ಮುಂದಿನ ಮಾದರಿಯಲ್ಲಿ ತಗ್ಗೂ ಮುಚ್ಚಿಹೋಯಿತು. ಹಾಗಾದರೆ ಕೌಂಟಾಷ್‌ಅನ್ನು ಹಿಂದಕ್ಕೆ ತೆಗೆಯುವುದು ಹೇಗೆ? ಬಾಗಿಲನ್ನು ಮೇಲಕ್ಕೆ ಎತ್ತಿ, ಹೊಸ್ತಿಲಿನ ಮೇಲೆ ಕುಂತು, ಅರ್ಧ ಮೈ ಹೊರಗೆ ಹಾಕಿ, ಕತ್ತು ತಿರುಗಿಸಿ ನೋಡುತ್ತ, ಒಂದು ಕಾಲು ಪೆಡಲಿನ ಮೇಲೆ. ಕೋಟಿ ಬೆಲೆಯ ಕಾರು. ಕಬ್ಬಿನ ಟ್ರ್ಯಾಕ್ಟರ್ ನಡೆಸುವವನು ಟ್ರಾಲಿ ಹಿಂದಕ್ಕೆ ತಳ್ಳುವಾಗ ಮಾಡುವುದೂ ಇದನ್ನೇ, ಅವನಿಗೆ ಬಾಗಿಲು ಎತ್ತುವ ತೊಂದರೆ ಇಲ್ಲ.

ನಾವು ವರ್ಷದ ಕೊನೆಗೆ ಪತ್ರಿಕೆಗಳಲ್ಲಿ ‘ಸಿಂಹಾವಲೋಕನ’ ಅಂತ ಬರೆಯುತ್ತೇವೆ. ಸಿಂಹ ಮುಂದೆ ನಡೆಯುತ್ತ ನಡುನಡುವೆ ನಿಂತು ಕತ್ತು ತಿರುಗಿಸಿ ಹಿಂದೆ ನೋಡುತ್ತದೆ ಎಂಬ ಕಲ್ಪನೆ ಅದು. ಕೌಂಟಾಷ್‌ಗೆ ಕತ್ತೇ ಇಲ್ಲ.

ಎಲ್ಲರೂ ಹೀಗೇ ಮಾಡಿದರೆಂದಲ್ಲ. ಪೋರ್ಷೆ 911ರ ಎಂಜಿನ್ ಹಿಂದಿನ ಗಾಲಿಗಿಂತ ಹಿಂದೆ ಇದ್ದರೂ ಸಿಲಿಂಡರುಗಳು ಅಕ್ಕಪಕ್ಕಕ್ಕೆ ಮಲಗಿರುವುದರಿಂದ ಅದು ತಗ್ಗಾಗಿ, ಗಾಜಿನ ಕೆಳಗೇ ಅಡಗುತ್ತದೆ. ಡೀನೊ ಫೆರಾರಿಯಲ್ಲಿ ಸೀಟಿನ ಹಿಂದೆ ನೆಟ್ಟಗೆ ನಿಂತ, ಒಳಕ್ಕೆ ಬಾಗಿದ ಸಣ್ಣ ಗಾಜು ಇಟ್ಟು, ಇಳಿಜಾರಿನ ಚೆಂದವನ್ನು ಎರಡು ಪಕ್ಕದ ರೆಕ್ಕೆಗಳಿಗೆ ಬಿಟ್ಟರು. ಗಾಜು ನಿಂತಿದ್ದರಿಂದ ನೇರ ಹಿಂದೆ ಚೆನ್ನಾಗಿ ಕಾಣುತ್ತದೆ, ಓರೆಯಲ್ಲಿ ರೆಕ್ಕೆ ಅಡ್ಡ. ಲೋಟಸ್ ಯುರೋಪಾದ ರೆಕ್ಕೆಗಳಂತೂ ಗೋಡೆಯಷ್ಟು ಎತ್ತರ. 1971ರಲ್ಲಿ ಅವನ್ನು ಕತ್ತರಿಸಿ ತಗ್ಗಿಸಬೇಕಾಯಿತು. ನನ್ನ ಮೆಚ್ಚುಗೆ 1963ರ ಮರ್ಸಿಡಿಸ್ 230 ಎಸ್‌ಎಲ್‌ಗೆ. ಎತ್ತರದ ಗಾಜುಗಳು, ಕಡ್ಡಿಯಂಥ ಕಂಬಗಳು, ನಡುವೆ ತಗ್ಗಿ ಅಂಚಿನಲ್ಲಿ ಎದ್ದ ಛಾವಣಿ. ಅದಕ್ಕೇ ಅದನ್ನು ‘ಪಗೋಡಾ’ ಎನ್ನುತ್ತಾರೆ. ನಾಲ್ಕೂ ದಿಕ್ಕು ಕಾಣುವ ಕಾರು.

ಕಡ್ಡಿಯಂಥ ಕಂಬ ಅಂದೆ. ಅಲ್ಲೊಂದು ಗಂಭೀರ ಪ್ರಶ್ನೆ ಇದೆ, ನಮ್ಮ ಸೀಮೆಯವರು ಅದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಕಿಟಕಿ ಎಂದರೆ ಗೋಡೆಯಲ್ಲಿ ತೆಗೆದ ತೂತು. ಗಾಜು ಭಾರ ಹೊರುವುದಿಲ್ಲ, ಉಳಿದ ಕಂಬವೇ ಹೊರಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಜನ ಸತ್ತದ್ದು ನೆಲ ಅಲುಗಿದ್ದರಿಂದ ಮಾತ್ರವಲ್ಲ. ಮೇಲೆ ಮಣ್ಣು ತುಂಬಿದ ಭಾರದ ಮಾಳಿಗೆ, ಕೆಳಗೆ ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆ. ಹೊರುವುದು ಸಡಿಲಾದಾಗ ಹೊತ್ತದ್ದು ಮೈಮೇಲೆ ಬಂತು. ಕಾರು ಉರುಳಿದಾಗ ಛಾವಣಿ ಕುಸಿಯಬಾರದು ಎಂಬ ನಿಯಮ ಬಿಗಿಯಾದಂತೆ ಕಂಬಗಳು ದಪ್ಪಗಾದವು. ಇವತ್ತಿನ ಸಾಮಾನ್ಯ ಕಾರಿನ ಹಿಂದಿನ ಕಂಬದ ಮುಂದೆ ಪಗೋಡಾದ ಕಂಬ ಬೀಸಣಿಗೆಯ ಕಡ್ಡಿ. ಜೀವ ಉಳಿಸುವ ದಪ್ಪ ಕಂಬವೇ ಓರೆಯಿಂದ ಬರುವ ಸೈಕಲ್ಲನ್ನು ಮುಚ್ಚಿಡುತ್ತದೆ. ಹಾಗಾಗಿ ಹಳೆಯ ಕಾರುಗಳಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು ಎಂದು ಹೊಗಳುವವರ ಮಾತನ್ನು ಅರ್ಧ ಮಾತ್ರ ನಂಬಬೇಕು.

ಛಾವಣಿಯೇ ಇಲ್ಲದ ಸ್ಪೋರ್ಟ್ಸ್ ಕಾರುಗಳಿವೆ, ಬಟ್ಟೆಯ ಮುಚ್ಚಳದವು. ಮುಚ್ಚಳ ಮಡಚಬೇಕಾದ್ದರಿಂದ ಹಿಂದೆ ಗಾಜಿನ ಬದಲು ಮೆತ್ತನೆಯ ಪ್ಲಾಸ್ಟಿಕ್ ಹಾಳೆ. ಬಿಸಿಲಿಗೆ ಅದು ಹಳದಿಯಾಗುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ. 1989ರಲ್ಲಿ ಬಂದ ಮಾಜ್ದಾ ಎಮ್‌ಎಕ್ಸ್-5ರಲ್ಲಿ ಆ ಹಾಳೆಗೆ ಜಿಪ್ ಇತ್ತು, ಮುಚ್ಚಳ ಇಳಿಸುವ ಮೊದಲು ಬಿಚ್ಚಿ ಚಪ್ಪಟೆ ಮಲಗಿಸಲಿಕ್ಕೆ. ಎರಡನೆಯ ಪೀಳಿಗೆಯಲ್ಲಿ ನಿಜವಾದ ಗಾಜು ಬಂತು. ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ, ಬೆಂಗಳೂರಿನ ಸ್ಯಾನ್ ಮೋಟರ್ಸ್ 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ, ಫೈಬರ್ ಮೈಯ, ರೆನೋ ಕಂಪನಿಯ 1.2 ಲೀಟರ್ ಎಂಜಿನ್ನಿನ ಪುಟ್ಟ ಕಾರು ತಂದಿತ್ತು. ಬಹಳ ನಡೆಯಲಿಲ್ಲ, ಪಾಪ.

ಈ ಪ್ಲಾಸ್ಟಿಕ್ ಹಾಳೆ ನನಗೆ ಓದಿ ತಿಳಿದದ್ದಲ್ಲ. ನಮ್ಮ ಕಾಕಾ ಕೆಲವು ವರ್ಷ ಗಡಿಯಾಚೆ ಈಚೆ ಕಮಾಂಡರ್ ಜೀಪು ಓಡಿಸುತ್ತಿದ್ದರು. ತಾಡಪತ್ರಿಯ ಹೊದಿಕೆ, ಹಿಂದೆ ಹೊಲಿದ ಪ್ಲಾಸ್ಟಿಕ್ ಕಿಟಕಿ, ಎರಡೇ ಬೇಸಿಗೆಗೆ ಅದು ಹಳೆಯ ತುಪ್ಪದ ಬಣ್ಣ. ಅದು ತಿಳಿಯಾಗಿದ್ದರೂ ಏನೂ ಕಾಣುತ್ತಿರಲಿಲ್ಲ. ಹಿಂದೆ ಎದುರುಬದುರು ಕುಂತವರ ತಲೆ, ಅವರಾಚೆ ಮೆಟ್ಟಿಲ ಮೇಲೆ ಜೋತವರ ಬೆನ್ನು. “ಕಾಕಾ, ಹಿಂದ ಹೆಂಗ ಕಾಣ್ತದ್ರಿ?” ಅಂತ ಸಣ್ಣವರಿದ್ದಾಗ ಕೇಳಿದರೆ, “ಹಿಂದಿನವ ಹಾರ್ನ್ ಹೊಡಿತಾನಲ್ಲೋ” ಅನ್ನುತ್ತಿದ್ದರು.

ಈ ಒಂದು ಮಾತಿನಲ್ಲಿ ನಮ್ಮ ರಸ್ತೆಯ ಇಡೀ ವ್ಯಾಕರಣ ಇದೆ ಅನ್ನುವುದು ನನ್ನ ವಾದ. ಯುರೋಪಿನ ವಿನ್ಯಾಸಕಾರನಿಗೆ ಹಿಂದಿನದನ್ನು ನೋಡಬೇಕಾದವನು ಮುಂದಿನ ಚಾಲಕ. ನಮ್ಮಲ್ಲಿ ಆ ಜವಾಬ್ದಾರಿ ಹಿಂದಿನವನದು: ‘ನಾನಿದ್ದೇನೆ’ ಎಂದು ಅವನೇ ಕೂಗಿ ಹೇಳಬೇಕು. ಲಾರಿಗಳ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಅಲಂಕಾರವಲ್ಲ. ‘ನನಗೆ ಹಿಂದೆ ಕಾಣುವುದಿಲ್ಲ, ನೀನೇ ಹೇಳು’ ಎಂಬ ಒಪ್ಪಂದ ಅದು. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಆ ಬರಹವನ್ನು ನಿಷೇಧಿಸಿತು, ಸುಮ್ಮನೆ ಹಾರ್ನ್ ಬಡಿಯಲು ಅದು ಕುಮ್ಮಕ್ಕು ಎಂಬ ಕಾರಣಕ್ಕೆ. ಗದ್ದಲ ಕಡಿಮೆಯಾಗಬೇಕು, ಒಪ್ಪುತ್ತೇನೆ. ಆದರೆ ಎಡಗಡೆಗೆ ಕನ್ನಡಿಯೇ ಇಲ್ಲದ ಅಗ್ಗದ ಕಾರುಗಳು ಎಷ್ಟೋ ವರ್ಷ ಮಾರಾಟವಾದ ದೇಶದಲ್ಲಿ ಹಾರ್ನ್ ಬರಿಯ ಕೆಟ್ಟ ಚಟ ಆಗಿರಲಿಲ್ಲ.

ಗಾಜಿನ ಬಗ್ಗೆ ನಮ್ಮ ಕಾನೂನು ಏನನ್ನುತ್ತದೆ? 1989ರ ಕೇಂದ್ರ ಮೋಟರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಬೆಳಕು ಕನಿಷ್ಠ 70 ಶೇಕಡ, ಪಕ್ಕದ ಗಾಜಿನಲ್ಲಿ 50 ಶೇಕಡ ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಲ್ಲಿಸಿತು. ಆ ತೀರ್ಪಿನ ಚರ್ಚೆ ಹೆಚ್ಚಾಗಿ ನಡೆದದ್ದು ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣಬೇಕು ಎಂಬ ಬಗ್ಗೆ. ಒಳಗಿನವನಿಗೆ ಸಂಜೆ ಹೊತ್ತು ಹಿಂದಿನ ಮಗು ಕಾಣಬೇಕು ಎಂಬುದರ ಬಗ್ಗೆ ಅಷ್ಟು ಮಾತಾಗಲಿಲ್ಲ.

ಮಗು ಅಂದದ್ದು ಸುಮ್ಮನೆ ಅಲ್ಲ. ಕಾರಿನ ಹಿಂಗಾಜಿನ ಕೆಳಅಂಚು ಎಷ್ಟು ಎತ್ತರ ಇದೆಯೋ ಅದರಿಂದ ನೆಲದವರೆಗೆ, ಕಾರಿನ ಹಿಂದೆ ಹಲವು ಅಡಿ ದೂರದವರೆಗೆ, ಚಾಲಕನ ಕಣ್ಣಿಗೆ ಏನೂ ಬೀಳುವುದಿಲ್ಲ. ಬಾಲ ಎತ್ತರಿಸಿದಷ್ಟೂ ಈ ಜಾಗ ಉದ್ದವಾಗುತ್ತದೆ. ನಿಂತ ದೊಡ್ಡವರು ಕಾಣುತ್ತಾರೆ, ಕುಂತು ಆಡುವ ಮಗು ಕಾಣುವುದಿಲ್ಲ. ಅಮೆರಿಕದಲ್ಲಿ ತಂದೆಯೇ ಗಾಡಿ ಹಿಂದಕ್ಕೆ ತೆಗೆಯುವಾಗ ಎರಡು ವರ್ಷದ ಮಗು ಸತ್ತ ಒಂದು ಪ್ರಕರಣದ ನಂತರ ಕಾಯಿದೆ ಬಂತು, ಕೊನೆಗೆ 2018ರ ಮೇ ತಿಂಗಳಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂದಿನ ಕ್ಯಾಮೆರಾ ಕಡ್ಡಾಯವಾಯಿತು. ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬರುವಾಗ ಸದ್ದು ಮಾಡುವ ಸೆನ್ಸರ್ ಕಡ್ಡಾಯ.

ಈ ಕಾಣದ ಜಾಗಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ಅನುವಾದಕರು ‘ಕುರುಡು ತಾಣ’, ‘ಅಂಧ ಬಿಂದು’ ಅನ್ನುತ್ತಾರೆ. ನನ್ನ ಸೂಚನೆ ‘ಮರೆ’. ಕಂಬದ ಮರೆ, ಬಾಲದ ಮರೆ, ಎಡಮರೆ, ಬಲಮರೆ. ಬಾಗಿಲ ಮರೆಯಲ್ಲಿ ನಿಂತರು ಅನ್ನುವುದಿಲ್ಲವೇ, ಅದೇ. ಈ ಮಾತು ಉಮರ್ಗಾದ ಅಜ್ಜಿಗೂ ಗೊತ್ತು, ಬೆಂಗಳೂರಿನ ಎಂಜಿನಿಯರಿಗೂ ಗೊತ್ತು. ‘ಕುರುಡು’ ಎಂದಾಗ ತಪ್ಪು ಕಣ್ಣಿನದು ಆಗುತ್ತದೆ. ‘ಮರೆ’ ಎಂದಾಗ ನಡುವೆ ಏನೋ ಅಡ್ಡ ಇದೆ, ಅದನ್ನು ಯಾರೋ ಇಟ್ಟಿದ್ದಾರೆ ಎಂಬುದು ಮಾತಿನಲ್ಲೇ ಬರುತ್ತದೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಚರ್ಚೆ

ಅಧ್ಯಾಪಕರೊಬ್ಬರು: ‘ಮರೆ’ ಎಂಬುದಕ್ಕೆ ಮರೆತುಬಿಡು ಎಂಬ ಅರ್ಥವೂ ಇದೆಯಲ್ಲ, ಗೊಂದಲ ಆಗುವುದಿಲ್ಲವೇ?

ಆಗುವುದಿಲ್ಲ ಸರ್. ಅದು ಕ್ರಿಯಾಪದ, ಇದು ನಾಮಪದ. ವಾಕ್ಯದಲ್ಲಿ ಬಂದಾಗ ತಾನೇ ಬೇರೆಯಾಗುತ್ತದೆ. “ಎಡಮರೆಯಲ್ಲಿ ಸೈಕಲ್ ಅದ, ನೋಡು” ಅಂದರೆ ಯಾರೂ ಮರೆಯುವುದಕ್ಕೆ ಹೋಗುವುದಿಲ್ಲ.

ಸಹಪಾಠಿಯೊಬ್ಬರು: ಕ್ಯಾಮೆರಾ ಬಂದ ಮೇಲೆ ಹಿಂಗಾಜಿನ ಚರ್ಚೆಯೇ ಬೇಡವಾಯಿತಲ್ಲ?

ಗಾಜಿಲ್ಲದ ಕಾರುಗಳೂ ಈಗ ಬರುತ್ತಿವೆ, ಹಿಂದೆ ಬರಿಯ ಕ್ಯಾಮೆರಾ. ಆದರೆ ಓಡುವ ಕಾರಿನ ಹಿಂದೆ ಸುಳಿ ಏಳುತ್ತದೆ ಅಂದೆನಲ್ಲ, ಅದು ರಸ್ತೆಯ ಧೂಳನ್ನೆಲ್ಲ ಎತ್ತಿ ಬಾಲಕ್ಕೇ ಮೆತ್ತುತ್ತದೆ. ನಮ್ಮ ಎರೆಮಣ್ಣಿನ ದಾರಿಯಲ್ಲಿ ಮಳೆ ಬಿದ್ದ ದಿನ ಹತ್ತು ಕಿಲೋಮೀಟರ್ ಹೋಗಿ ಬನ್ನಿ, ಕ್ಯಾಮೆರಾದ ಕಣ್ಣಿಗೆ ಪೊರೆ ಬಂದಿರುತ್ತದೆ. ಒರೆಸಲು ಇಳಿಯಬೇಕು. ಇಳಿದವರು ಹೇಗೂ ಹಿಂದೆ ನೋಡುತ್ತಾರೆ, ಅದು ಒಳ್ಳೆಯದೇ.

ಮೇಡಂ ಒಬ್ಬರು: ನಮ್ಮ ಭಾಗಕ್ಕೆ ಇದರಿಂದ ತಕ್ಷಣದ ಉಪಯೋಗ ಏನು?

ಸ್ಪೋರ್ಟ್ಸ್ ಕಾರಿನಿಂದ ಏನಿಲ್ಲ ಮೇಡಂ. ಆದರೆ ಹಂಗಾಮಿನಲ್ಲಿ ರಾತ್ರಿ ಕಬ್ಬಿನ ಟ್ರಾಲಿಗಳು ದೀಪವಿಲ್ಲದೆ ಹೋಗುತ್ತವೆ. ಕಬ್ಬು ಹೊರಚಾಚಿ ಇದ್ದ ಒಂದು ದೀಪವನ್ನೂ ಮುಚ್ಚಿರುತ್ತದೆ. ಅವನಿಗೆ ಹಿಂದಿನದು ಕಾಣುವುದಿಲ್ಲ, ಹಿಂದಿನವನಿಗೆ ಅವನು ಕಾಣುವುದಿಲ್ಲ, ಮರೆ ಎರಡೂ ಕಡೆ. ಕೆಂಪು ಹೊಳೆಯುವ ಪಟ್ಟಿಯನ್ನು ಟ್ರಾಲಿಯ ಕೆಳಅಂಚಿಗೆ, ಕಬ್ಬು ಮುಚ್ಚದ ಕಡೆ ಅಂಟಿಸಬೇಕು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲೇ ನೋಡಿ ಒಳಗೆ ಬಿಟ್ಟರೆ ಸಾಕು, ಎಲ್ಲ ಗಾಡಿಗಳೂ ಅಲ್ಲಿಗೇ ಬರುತ್ತವೆ. ಆ ಸೂಚನೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದು ಹಾಕಬೇಕು. ಬರೆಯುವ ಕೆಲಸ ನಮ್ಮ ವಿಭಾಗ ಮಾಡಬಹುದು.

ಚಾಟ್‌ನಿಂದ: ದುಡ್ಡಿದ್ದರೆ ಯಾವ ಕಾರು ಕೊಳ್ಳುತ್ತೀರಿ?

ಪಗೋಡಾ. ಸದ್ಯಕ್ಕೆ ಮನೆಯಲ್ಲಿ ಇರುವುದು ಸ್ಕೂಟರು, ಅದಕ್ಕೆ ಎಡಗನ್ನಡಿ ಹಾಕಿಸುವುದಿದೆ.